ಕೊಬ್ಬರಿ ತಿಕ್ಕಿದ ಮಳೆಗಾಲ

ಕಳೆದ ಆಷಾಢದ ಒಂದು ಬೆಳಿಗ್ಗೆ ಮುಂಬಯಿ ಪವಾಯಿಯ ನಮ್ಮ ಮನೆಯ ಅಡುಗೆಕೋಣೆಯಿಂದ ಒಂದು ವಾಸನೆ ಬಂತು. ನಾನು ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಸೊಸೆ ಯಾವುದೋ ಡಬ್ಬಿಯ ಮುಚ್ಚಳ ತೆಗೆದಿರಬೇಕು. ಹಳೆಯ ಎಣ್ಣೆ, ಒದ್ದೆ ಗೋಣಿ, ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು, ಎಲ್ಲ ಸೇರಿದ ವಾಸನೆ. ನಾನು ಪೇಪರು ಕೆಳಗಿಟ್ಟೆ.

"ಮಾವಾ, ಕೊಬ್ಬರಿಗೆ ಬೂಷ್ಟು ಬಂದಿದೆ," ಎಂದಳು ಸೊಸೆ ಒಳಗಿನಿಂದಲೇ. "ಊಪರ್ ಊಪರ್ ಮಾತ್ರ. ಬ್ರಷ್‌ನಿಂದ ತಿಕ್ಕಿ ಎಣ್ಣೆ ಹಚ್ಚಿದ್ರೆ ಚಲ್ತದೆ ಅಲ್ವಾ?"

ಅವಳು ಹುಟ್ಟಿ ಬೆಳೆದದ್ದು ಬಾಂದ್ರಾದಲ್ಲಿ. ಕನ್ನಡ ಮಾತಾಡುವಾಗ ಹಿಂದಿಯನ್ನು ಊರುಗೋಲಿನ ಹಾಗೆ ಹಿಡಿದುಕೊಳ್ಳುತ್ತಾಳೆ. ಏನೂ ತಿಳಿಯದೆ ಕೇಳಿದ ಮಾತು ಅದು. ನಾನು ಎದ್ದು ಹೋಗಿ ಅವಳ ಕೈಯಿಂದ ಡಬ್ಬಿ ಕಸಿದುಕೊಂಡೆ. ಮುಚ್ಚಳ ಬಿಗಿದು, ಚೀಲದಲ್ಲಿ ಕಟ್ಟಿ, ಲಿಫ್ಟಿನಲ್ಲಿ ಇಳಿದು ಹೋಗಿ ಬಿಲ್ಡಿಂಗಿನ ಕಸದ ಡ್ರಮ್ಮಿಗೆ ಹಾಕಿ ಬಂದೆ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಮಾವಾ, ಇಷ್ಟು ಚಿಕ್ಕ ಮಾತಿಗೆ ಯಾಕೆ?"

"ಅದನ್ನು ತಿಕ್ಕಬಾರದಮ್ಮ," ಎಂದೆ. ಈ ಮಾತನ್ನು ಹೇಳಬೇಕಾಗಿದ್ದವನಿಗೆ ಹೇಳಲಿಲ್ಲ. ಅವನು ಹೋಗಿ ಇಷ್ಟು ವರ್ಷವಾದ ಮೇಲೆ ಇವಳಿಗೆ ಹೇಳಿದೆ.

ನಡೆದದ್ದನ್ನು ನಾನು ಹಿಂದೆ ಒಂದಿಬ್ಬರಿಗೆ ಹೇಳಿದ್ದುಂಟು. ಆದರೆ ಹೇಳುವಾಗಲೆಲ್ಲ ಮೋಸ ಹೋದವನು ನಾನು ಎಂಬ ಹಾಗೆ ಹೇಳಿದೆ. ಅದು ಸುಳ್ಳಲ್ಲ, ಅರ್ಧ ಮಾತ್ರ. ನನಗೀಗ ಎಂಬತ್ತು ದಾಟಿದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ಐವತ್ತರ ದಶಕದ ಒಂದು ಮಳೆಗಾಲ. ನಮ್ಮ ಕುಂದಾಪುರದ ಕಡೆ ಆಗಿನ್ನೂ ಮದ್ರಾಸಿಗೆ ಸೇರಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದೆ. ನೆರೆಮನೆಯ ಬಚ್ಚಣ್ಣ, ನನಗಿಂತ ಎಂಟು ವರ್ಷ ದೊಡ್ಡವನು, ಆ ಮಳೆಗೆ ಮೊದಲಿನ ಬೇಸಗೆಯಲ್ಲಿ ಬೊಂಬಾಯಿಯಿಂದ ರಜೆಗೆ ಬಂದಿದ್ದ. ನಮ್ಮ ಜಗಲಿಯಲ್ಲಿ ಕೂತು ನನ್ನ ಅಮ್ಮನಿಗೆ, "ಇವ್ನನ್ನ್ ನನ್ನ ಸಂಗ್ತಿಗೆ ಕಳ್ಸಿ ಅಮ್ಮ. ಇಂಗ್ಲಿಷ್ ಓದೂಕೆ ಬತ್ತ್. ನಮ್ಮ ಧಣಿಗಳಿಗೆ ಅಂಥವ್ರ್ ಬೇಕ್" ಎಂದ. ಅಮ್ಮ ಅಳುತ್ತ ಒಪ್ಪಿದಳು. ಸ್ಟೀಮರಿನಲ್ಲಿ ನನಗೆ ವಾಂತಿಯಾದಾಗ ನನ್ನ ತಲೆ ಹಿಡಿದುಕೊಂಡವನು ಅವನೇ. ಗ್ರಾಂಟ್ ರೋಡಿನ ಚಾಳಿನಲ್ಲಿ ತನ್ನ ಚಾಪೆಯ ಅರ್ಧ ನನಗೆ ಬಿಟ್ಟುಕೊಟ್ಟವನೂ ಅವನೇ.

ಬಚ್ಚಣ್ಣ ಊರಿನಲ್ಲಿ ಹೊಳೆಯಲ್ಲಿ ಮುಳುಗಿ ಸುಣ್ಣದ ಚಿಪ್ಪು ತೆಗೆಯುತ್ತಿದ್ದ. ಅವನು ಮುಳುಗಿದ ಮೇಲೆ ದಡದಲ್ಲಿದ್ದ ನಾವು ಎಣಿಸಲು ಶುರುಮಾಡುತ್ತಿದ್ದೆವು. ನೂರು ದಾಟಿ, ನಮಗೆ ಹೆದರಿಕೆ ಹತ್ತಿದ ಮೇಲೆ, ಬುಟ್ಟಿ ತುಂಬ ಚಿಪ್ಪು ಹಿಡಿದು ನಗುತ್ತ ಏಳುತ್ತಿದ್ದ. ಚಾಳಿನಲ್ಲಿ ನಮ್ಮ ಖೋಲಿ ಇದ್ದದ್ದು ನಾಲ್ಕನೆಯ ಮಾಳಿಗೆಯಲ್ಲಿ, ನಲ್ಲಿ ಇದ್ದದ್ದು ಕೆಳಗೆ. ಬೆಳಿಗ್ಗೆ ಅವನು ಎರಡು ಕೈಯಲ್ಲಿ ಎರಡು ತುಂಬಿದ ಬಾಲ್ದಿ ಹಿಡಿದು, ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದ. ಸಿಳ್ಳೆ ಒಂದು ಕಡೆಯೂ ತುಂಡಾಗುತ್ತಿರಲಿಲ್ಲ. ಒಂದು ಬಾಲ್ದಿ ಹಿಡಿದ ನಾನು ಹಿಂದಿನಿಂದ ಏದುಸಿರು ಬಿಡುತ್ತ ಹೋದರೆ, "ಹ್ವಾಯ್ ಮೆಟ್ರಿಕ್, ಶಾಲೆಯಲ್ಲಿ ಉಸ್ರು ತೆಗೂದ್ ಕಲಿಸಲಿಲ್ಯಾ?" ಎಂದು ನಗುತ್ತಿದ್ದ. ನಮ್ಮೂರಿನ ಎಸ್ಸೆಸ್ಸೆಲ್ಸಿಗೆ ಮುಂಬಯಿಯಲ್ಲಿ ಮೆಟ್ರಿಕ್ ಎಂದೇ ಹೆಸರು. ಅಲ್ಲಿ ನನ್ನ ಹೆಸರೂ ಅದೇ ಆಯಿತು.

ಧಣಿಗಳು ನಮ್ಮ ಕಡೆಯವರೇ. ಗ್ರಾಂಟ್ ರೋಡಿನಲ್ಲಿ ಹೋಟೆಲು, ಮಸ್ಜಿದ್ ಬಂದರಿನಲ್ಲಿ ಕೊಬ್ಬರಿಯ ಗೋದಾಮು. ಮಲಬಾರಿನಿಂದ ಹಾಯಿಹಡಗುಗಳಲ್ಲಿ ಕೊಬ್ಬರಿ ಬೇಸಗೆಯಲ್ಲೇ ಬಂದು ಬೀಳುತ್ತಿತ್ತು, ಮಳೆ ಹಿಡಿದರೆ ಕಡಲು ಮುಚ್ಚುತ್ತದೆ. ಹಾಗಾಗಿ ಶ್ರಾವಣದ ನಾರಳಿ ಪೂರ್ಣಿಮೆಗೂ ಭಾದ್ರಪದದ ಗಣಪತಿಗೂ ಊರಿಗೆಲ್ಲ ಬೇಕಾಗುವ ಕೊಬ್ಬರಿ ಮೊದಲೇ ಗೋದಾಮಿನಲ್ಲಿ ಕೂತಿರಬೇಕು. ಆದರೆ ಮುಂಬಯಿಯ ಮಳೆಗಾಲದಲ್ಲಿ ಕೊಬ್ಬರಿ ಸುಮ್ಮನೆ ಕೂರುವುದಿಲ್ಲ. ಮೊದಲು ಬಿಳಿ ಕೂದಲಿನ ಹಾಗೆ, ಆಮೇಲೆ ಹಸಿರು, ಹಳದಿ, ಕಪ್ಪು. ಮುಟ್ಟಿದರೆ ಹೊಗೆಯ ಹಾಗೆ ಏಳುತ್ತಿತ್ತು.

ಆ ಕೊಬ್ಬರಿಯನ್ನು ಎಸೆಯುತ್ತಿರಲಿಲ್ಲ. ಗೋದಾಮಿನ ಹಿಂಬದಿಯ ಕೋಣೆಯಲ್ಲಿ ಐದಾರು ಜನ ಕೂತು, ನಾರಿನ ಬ್ರಷ್ಷಿನಿಂದ ಬಟ್ಟಲು ಬಟ್ಟಲಾಗಿ ತಿಕ್ಕಿ ಬೂಷ್ಟು ತೆಗೆದು, ಎಣ್ಣೆಬಟ್ಟೆಯಲ್ಲಿ ಒರೆಸಿ, ಇದ್ದಿಲ ಒಲೆಯ ಮೇಲಿನ ಜಾಲರಿಯಲ್ಲಿ ಬೆಚ್ಚಗೆ ಮಾಡುತ್ತಿದ್ದರು. ಹೊರಗಿನ ತೇವ ಒಳಗೆ ಬಂದರೆ ತಿಕ್ಕಿದ್ದಕ್ಕೆ ಮತ್ತೆ ಬೂಷ್ಟು ಹಿಡಿಯುತ್ತದೆ ಎಂದು ಕಿಟಕಿಗಳಿಗೆ ಗೋಣಿ ಹೊಡೆದಿತ್ತು. ಬಾಗಿಲು ತೆರೆದರೆ ಬಲ್ಬಿನ ಸುತ್ತ ಹಸಿರು ಮಂಜು ಕಾಣುತ್ತಿತ್ತು. ಒಳಗಿನವರ ಹುಬ್ಬು, ಕಣ್ಣೆವೆ, ಮೂಗಿನ ಕೂದಲು ಎಲ್ಲ ಹಸಿರು. ಆ ಕೋಣೆಯ ಮುಖ್ಯಸ್ಥ ಬಚ್ಚಣ್ಣ. ಯಾವ ಬಟ್ಟಲು ಉಳಿಯುತ್ತದೆ, ಯಾವುದು ಒಳಗೇ ಕೊಳೆತಿದೆ ಎಂದು ಮೂಸಿಯೇ ಹೇಳುತ್ತಿದ್ದ. ಅವನ ಕೈ ದಾಟಿ ಹೋದ ಕೊಬ್ಬರಿಯನ್ನು ಯಾವ ಮಿಠಾಯಿ ಅಂಗಡಿಯವನೂ ಹಿಂದೆ ಕಳಿಸಲಿಲ್ಲ.

ನನ್ನ ಕೆಲಸ ಹೊರಗೆ, ಬಾಗಿಲ ಬಳಿಯ ಮೇಜಿನಲ್ಲಿ. ಯಾವ ಚೀಲ ಎಲ್ಲಿಗೆ ಎಂದು ಚೀಟಿ ಬರೆದು ಕಟ್ಟುವುದು, ಕಾಗದ ಓದುವುದು, ಬರೆಯುವುದು. ನಮ್ಮ ಆಳುಗಳಿಗೆ ಊರಿನಿಂದ ಬರುವ ಕಾಗದಗಳೆಲ್ಲ ಧಣಿಗಳ ವಿಳಾಸಕ್ಕೇ ಬರುತ್ತಿದ್ದವು. ಮೊದಲು ಅವರು ಒಡೆದು ನೋಡಿ, ಆಮೇಲೆ ನನ್ನ ಕೈಗೆ, ನಾನು ಓದಿ ಹೇಳಿದ ಮೇಲೆ ಅವರವರ ಕೈಗೆ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಧಣಿ ಎಂದರೆ ತಂದೆಯ ಸಮಾನ, ಕಾಗದ ಮೊದಲು ತಂದೆಯ ಕೈಗೆ ಹೋಗಬೇಕು. ಬೊಂಬಾಯಿಯಲ್ಲಿ ನಮಗೆ ಬೇರೆ ವಿಳಾಸವೂ ಇರಲಿಲ್ಲ.

ನನಗೆ ಇನ್ನೊಂದು ಕೆಲಸವಿತ್ತು, ಸಂಜೆ ಬೆಲ್ಲ ಹಂಚುವುದು. ಕೆಲಸ ಬಿಡುವಾಗ ಬ್ರಷ್ಷಿನ ಕೋಣೆಯ ಪ್ರತಿಯೊಬ್ಬರಿಗೂ ಒಂದು ತುಂಡು ಬೆಲ್ಲ. ಬೆಲ್ಲ ಧೂಳನ್ನು ಗಂಟಲಿನಿಂದ ಎಳೆದು ಹೊಟ್ಟೆಗೆ ಇಳಿಸುತ್ತದೆ, ಎದೆಗೆ ಹೋಗಲು ಬಿಡುವುದಿಲ್ಲ ಎಂದು ಧಣಿಗಳು ಹೇಳುತ್ತಿದ್ದರು. ನಾವೂ ನಂಬಿದ್ದೆವು. ಹಿಟ್ಟಿನ ಗಿರಣಿಯವರೂ ಹತ್ತಿಯವರೂ ತಿನ್ನುತ್ತಾರಲ್ಲ ಎಂದು ಧೈರ್ಯ.

ಕೋಣೆಯಲ್ಲಿ ರತ್ನಾಗಿರಿ ಕಡೆಯ ಸಖುಬಾಯಿ ಎಂಬ ಹೆಂಗಸಿದ್ದಳು. ಅವಳ ನಾಲಿಗೆಗೆ ಧಣಿಗಳೂ ಹೆದರುತ್ತಿದ್ದರು. ಬೆಲ್ಲದ ತುಂಡನ್ನು ಬೆಳಕಿಗೆ ಹಿಡಿದು, "ಕಾಯ್ ರೇ ಮೆಟ್ರಿಕ್, ಇತ್ನಾ ಛೋಟಾ? ಚೀಂಟಿ ಭೀ ರೋಯೇಗೀ," ಎನ್ನುತ್ತಿದ್ದಳು. ಇರುವೆ ಕೂಡ ಅಳುತ್ತದಂತೆ. ಬಚ್ಚಣ್ಣ ನಕ್ಕು ತನ್ನ ಪಾಲಿನ ಅರ್ಧ ಮುರಿದು ಅವಳಿಗೆ ಕೊಡುತ್ತಿದ್ದ.

ಆ ವರ್ಷ ಮಳೆ ಬೇಗ ಹಿಡಿಯಿತು, ಬೂಷ್ಟು ಎಂದಿಗಿಂತ ಹೆಚ್ಚು ಬಂತು. ಮಳೆ ಶುರುವಾಗಿ ಎರಡು ವಾರಕ್ಕೆ ಬಚ್ಚಣ್ಣನಿಗೆ ಸಂಜೆಯ ಜ್ವರ ಹತ್ತಿತು. ಗೋದಾಮಿನಿಂದ ಹೊರಟು ಟ್ರಾಮಿನಲ್ಲಿ ಕೂತಾಗ ಚಳಿ ಹುಟ್ಟುತ್ತಿತ್ತು. ಮನೆಗೆ ಬಂದು ಗೋಣಿ ಹೊದ್ದು ನಡುಗುತ್ತಿದ್ದ. ಒಣಕೆಮ್ಮು, ಮೈಕೈ ನೋವು. ಬೆಳಿಗ್ಗೆ ಎದ್ದರೆ ಜ್ವರವಿಲ್ಲ. ಮಲೇರಿಯಾ ಎಂದು ಎಲ್ಲರೂ ಹೇಳಿದರು, ಕಹಿ ಮಾತ್ರೆ ನುಂಗಿದ, ಕಡಿಮೆಯಾಗಲಿಲ್ಲ. ರವಿವಾರ ಮಾತ್ರ ಜ್ವರ ಬರುತ್ತಿರಲಿಲ್ಲ. "ಮಲೇರಿಯಾಕ್ಕೂ ರಜೆ ಇತ್ತ್ ಕಾಣ್," ಎಂದು ಅವನೇ ತಮಾಷೆ ಮಾಡಿದ. ಆ ತಮಾಷೆಯಲ್ಲೇ ಎಲ್ಲ ಇತ್ತು, ನಾವಿಬ್ಬರೂ ನಕ್ಕು ಬಿಟ್ಟೆವು.

ಸಖುಬಾಯಿಗೂ ಕೆಮ್ಮು ಹತ್ತಿತ್ತು. ತಂಗಿಯ ಬಾಣಂತನಕ್ಕೆಂದು ಕಲ್ಯಾಣಕ್ಕೆ ಹೋದವಳು ಹತ್ತು ದಿನ ಬಿಟ್ಟು ಬಂದಳು. ಒಂದು ದಿನ ಕೆಲಸ ಮಾಡಿದಳು. ಮರುದಿನ ಬಾಗಿಲಲ್ಲೇ ನಿಂತು ಬ್ರಷ್ಷನ್ನು ನನ್ನ ಮೇಜಿನ ಮೇಲಿಟ್ಟಳು. "ಅಲ್ಲಿ ಹೋದೆ, ಕೆಮ್ಮು ಹೋಯಿತು. ಇಲ್ಲಿ ಬಂದೆ, ಒಂದೇ ದಿನಕ್ಕೆ ಬಂತು," ಎಂದು ತನ್ನ ಮುರುಕು ಹಿಂದಿಯಲ್ಲಿ ಹೇಳಿದಳು. "ನಾನು ಶಾಲೆಗೆ ಹೋದವಳಲ್ಲ. ಆದರೂ ಇಷ್ಟು ತಿಳಿಯುತ್ತದೆ. ತೂ ತೋ ಮೆಟ್ರಿಕ್ ಹೈ, ನೀನಂತೂ ಓದಿದವನು." ಒಳಗೆ ಬಗ್ಗಿ, "ಬಚ್ಚಾಭಾಯ್, ಚಲ್, ಛೋಡ್ ದೇ!" ಎಂದು ಕೂಗಿದಳು, ಕೆಲಸ ಬಿಟ್ಟು ಬಾ ಎಂದು. ಬಚ್ಚಣ್ಣ ಹಸಿರು ಮುಖದಲ್ಲಿ ಹಲ್ಲು ಬಿಟ್ಟು ಕೈ ಬೀಸಿದ. ಅವಳು ಹೋದಳು. ಮತ್ತೆ ಬರಲಿಲ್ಲ.

ಒಂದು ಸೋಮವಾರ ಟ್ರಾಮ್ ಹಳಿಗಳ ಮೇಲೆ ನೀರು ನಿಂತು ಗೋದಾಮಿಗೆ ಹೋಗಲು ಆಗಲಿಲ್ಲ. ಅವನನ್ನು ಎಳೆದುಕೊಂಡು ನಮ್ಮ ಚಾಳಿನ ಹತ್ತಿರದ ಧರ್ಮಾರ್ಥ ದವಾಖಾನೆಗೆ ಹೋದೆ. ಅಲ್ಲಿ ಒಬ್ಬರು ಲೇಡಿ ಡಾಕ್ಟರು, ಚಿಕ್ಕ ವಯಸ್ಸು, ದಪ್ಪ ಕನ್ನಡಕ. ಬಚ್ಚಣ್ಣನಿಗೆ ಬಜಾರಿನ ಹಿಂದಿಯಷ್ಟೇ ಗೊತ್ತಿದ್ದದ್ದರಿಂದ ಅವರ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಯಾವಾಗ ಜ್ವರ? ಕೆಲಸ ಏನು? ರಜೆಯ ದಿನ ಹೇಗೆ? ರಜೆಯ ದಿನ ಜ್ವರವಿಲ್ಲ ಎಂದಾಗ ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವನ ಹೆಗಲಿನ ಬೈರಾಸನ್ನು, ಕೆಲಸದಲ್ಲಿ ಬಾಯಿಗೆ ಕಟ್ಟಿಕೊಳ್ಳುತ್ತಿದ್ದ ಆ ಟವೆಲನ್ನು, ತೆಗೆದುಕೊಂಡು ಬೆಳಕಿಗೆ ಹಿಡಿದರು. ಎಷ್ಟು ಒಗೆದರೂ ಅದರ ಹಸಿರು ಹೋಗುತ್ತಿರಲಿಲ್ಲ.

"ಯೇ ಕ್ಯಾ ಹೈ?"

"ಖೋಪ್ರಾ, ಖೋಪ್ರಾ!" ಎಂದ ಬಚ್ಚಣ್ಣ ಹೆಮ್ಮೆಯಿಂದ, ತನ್ನ ಹೊಲದ ಬೆಳೆ ತೋರಿಸುವವನ ಹಾಗೆ.

ಅವರು ಎದೆಯ ಫೋಟೋ ತೆಗೆಸಲು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ತೆಗೆಸಿದ್ದಾಯಿತು. ಮುಂದಿನ ವಾರ ಅದನ್ನು ನೋಡಿ ಏನೆಂದು ಹೇಳುತ್ತೇನೆ ಎಂದಿದ್ದರು. ಆ ದಿನ ಬಚ್ಚಣ್ಣನಿಗೆ ಬಿಡುವಿರಲಿಲ್ಲ, ಹಬ್ಬ ಹತ್ತಿರ ಬಂದಿತ್ತು. ಹೋಟೆಲಿನ ಕೆಲಸಕ್ಕೆ ಗ್ರಾಂಟ್ ರೋಡಿಗೆ ಬಂದಿದ್ದ ನಾನೊಬ್ಬನೇ ಹೋದೆ.

ಡಾಕ್ಟರು ನನ್ನನ್ನು ಕೂರಿಸಿಕೊಂಡರು. ಇದು ಕ್ಷಯವಲ್ಲ, ಮಲೇರಿಯಾವೂ ಅಲ್ಲ ಎಂದರು. ಬೂಷ್ಟು ಹಿಡಿದ ಹುಲ್ಲನ್ನು ಕೆದಕುವ ರೈತರಿಗೆ ಬರುವ ಒಂದು ಎದೆರೋಗದ ಬಗ್ಗೆ ಪುಸ್ತಕದಲ್ಲಿ ಓದಿದ್ದರಂತೆ, ಕೊಬ್ಬರಿಯಿಂದ ಬಂದದ್ದನ್ನು ನೋಡಿರಲಿಲ್ಲವಂತೆ. ಆಮೇಲೆ ಒಂದು ಚೀಟಿ ಬರೆದರು. "ಸುಲಭವಾದ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಓದು," ಎಂದರು. ನಾನು ಗಟ್ಟಿಯಾಗಿ ಓದಿದೆ. ಅದರಲ್ಲಿದ್ದದ್ದು ಇಷ್ಟು: ಈ ಮನುಷ್ಯ ಕೊಬ್ಬರಿಯ ಬೂಷ್ಟಿನ ಧೂಳನ್ನು ಉಸಿರಾಡಿ ಕಾಯಿಲೆ ಬಿದ್ದಿದ್ದಾನೆ. ಇದಕ್ಕೆ ಔಷಧಿಯಿಲ್ಲ. ಇವತ್ತೇ ಆ ಕೋಣೆ ಬಿಟ್ಟರೆ ಚೇತರಿಸಿಕೊಳ್ಳುತ್ತಾನೆ. ಮುಂದುವರಿಸಿದರೆ ಹಾಳಾದ ಶ್ವಾಸಕೋಶ ಹಿಂದೆ ಬರುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿದರೆ ಸಾಲದು.

"ಅರ್ಥವಾಯಿತಾ?"

"ಯೆಸ್, ಡಾಕ್ಟರ್."

"ಬೆಲ್ಲ?" ಎಂದು ಕೇಳಿದೆ, ಏಳುವಾಗ.

"ಬೆಲ್ಲ ಹೊಟ್ಟೆಗೆ ಹೋಗುತ್ತದೆ. ಧೂಳು ಹೋಗುವ ದಾರಿಯೇ ಬೇರೆ," ಎಂದರು. ಅವರು ನಗಲಿಲ್ಲ.

ಚೀಟಿ ಹಿಡಿದು ನಾನು ನೇರ ಬಚ್ಚಣ್ಣನ ಹತ್ತಿರ ಹೋಗಬೇಕಾಗಿತ್ತು. ಹೋಗಲಿಲ್ಲ. ಕಾಗದ ಮೊದಲು ಧಣಿಗಳ ಮೇಜಿಗೆ ಎಂಬುದು ಕಾಲಿಗೇ ರೂಢಿಯಾಗಿತ್ತು. ಈಗ ಯೋಚಿಸಿದರೆ, ಅದು ರೂಢಿ ಮಾತ್ರವೇ ಎಂದು ನನಗೇ ಅನುಮಾನ.

ಧಣಿಗಳು ಎರಡು ಸಲ ಓದಿದರು. ಹರಿಯಲಿಲ್ಲ, ಬೈಯಲಿಲ್ಲ. ಹಾಗೆ ಮಾಡಿದ್ದರೆ ಒಳ್ಳೆಯದಿತ್ತು. ನೀಟಾಗಿ ಮಡಚಿ ನನ್ನ ಕೈಗೆ ಹಿಂದೆ ಕೊಟ್ಟರು.

"ಡಾಕ್ಟ್ರು ಹೇಳುದು ಹೇಳ್ತಾರೆ. ನಾವು ಹಬ್ಬದ ಎದುರಿನಲ್ಲಿ ಬಚ್ಚನನ್ನು ಎಬ್ಸಿದ್ರೆ ಈ ಕೊಬ್ಬರಿ ಯಾರು ತಿಕ್ಕುದು? ಕೋಣೆ ಮುಚ್ಚಿದ್ರೆ ಉಳಿದವರ ಹೊಟ್ಟೆಗೆ? ಗಣಪತಿ ಕಳೀಲಿ. ಆಮೇಲೆ ನಾನೇ ಅವನನ್ನು ಊರಿಗೆ ಕಳ್ಸ್ತೇನೆ, ಎರಡು ತಿಂಗಳು ರೆಸ್ಟ್ ತಕೊಳ್ಳಲಿ. ನನ್ನ ಮಗನ ಹಾಗಲ್ವಾ ಅವ?" ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. "ದೀಪಾವಳಿಗೆ ಬಾಂದ್ರಾದಲ್ಲಿ ಹೊಸ ಹೋಟೆಲು ತೆಗೀತೇವೆ. ದುಡ್ಡಿನ ಗಲ್ಲೆಯಲ್ಲಿ ಕೂರ್ಲಿಕ್ಕೆ ಇಂಗ್ಲಿಷ್ ಬರುವ, ನಂಬಿಕೆಯ ಜನ ಬೇಕು. ನಾನು ನಿನ್ನನ್ನೇ ಮನಸ್ಸಿನಲ್ಲಿ ಇಟ್ಕೊಂಡದ್ದು. ಈ ಚೀಟಿ ಅವನಿಗೆ ಓದಿ ಹೇಳುವವ ನೀನೇ ಅಲ್ವಾ?"

ಅಷ್ಟೇ ಹೇಳಿದರು. ಸುಳ್ಳು ಹೇಳು ಎಂದು ಅವರ ಬಾಯಿಂದ ಬರಲಿಲ್ಲ. ಆ ಕೆಲಸವನ್ನು ನನಗೆ ಬಿಟ್ಟರು.

ಸಂಜೆ ಚಾಳಿನ ವರಾಂಡದಲ್ಲಿ ಬಚ್ಚಣ್ಣ ಮಳೆ ನೋಡುತ್ತ ಕೂತಿದ್ದ. ಚಳಿ ಆಗಲೇ ಶುರುವಾಗಿತ್ತು. "ಎಂತ ಬರ್ದೀರ್ ಡಾಕ್ಟ್ರಮ್ಮ? ಓದ್ ಕಾಂಬ. ಮೊದ್ಲು ಇಂಗ್ಲಿಷ್‌ನಂಗೇ ಓದ್," ಎಂದ. ನಾನು ಇಂಗ್ಲಿಷ್ ಓದುವುದನ್ನು ಕೇಳುವುದೆಂದರೆ ಅವನಿಗೆ ಹಬ್ಬ. ಅಕ್ಕಪಕ್ಕದ ಖೋಲಿಯವರಿಗೂ ಕೇಳಲಿ ಎಂದು ಆಸೆ. ಓದಿದೆ. ಆ ವಾಕ್ಯಗಳನ್ನೆಲ್ಲ ಅವನ ಮುಖದ ಎದುರಿಗೇ ಓದಿದೆ. ಅವನು ತಲೆದೂಗುತ್ತಿದ್ದ.

"ಈಗ ಕನ್ನಡದಂಗ್ ಹೇಳ್."

"ಎದೆಗೆ ತಂಡಿ ಹಿಡಿದಿದೆಯಂತೆ," ಎಂದೆ. "ಬಿಸಿನೀರು ಕುಡಿಯಬೇಕಂತೆ. ಎಲೆಯಡಿಕೆ ಬಿಡಬೇಕಂತೆ. ಮಳೆಗಾಲ ಹೋದರೆ ತಾನೇ ಸರಿಯಾಗುತ್ತದಂತೆ."

ಎಲೆಯಡಿಕೆ ಎಂದು ಯಾಕೆ ಹೇಳಿದೆನೋ ಗೊತ್ತಿಲ್ಲ. ಡಾಕ್ಟರ ಚೀಟಿ ಎಂದರೆ ಏನಾದರೊಂದನ್ನು ಬಿಡು ಎಂದು ಇರಲೇಬೇಕು ಅನ್ನಿಸಿರಬೇಕು. ಬೇರೆ ಚಟವೇ ಇಲ್ಲದವನು ಅವನು. ಸೊಂಟದಿಂದ ಹಿತ್ತಾಳೆಯ ಎಲೆಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟ.

"ತಕೋ. ನನ್ನ ಹತ್ರ ಇದ್ರೆ ಕೈ ಹೋತ್ತ್. ಮತ್ತೆಂತ, ಇಷ್ಟೇ ಅಲ್ದಾ? ನಾನ್ ಎಂತದೋ ಅಂದ್ಕಂಡ್ ಹೆದ್ರಿದ್ದೆ ಮಾರಾಯ." ಚೀಟಿಯನ್ನು ಮಡಚಿ ತನ್ನ ಟ್ರಂಕಿನಲ್ಲಿ ದೇವರ ಪಟದ ಕೆಳಗೆ ಇಟ್ಟ.

ಮರುದಿನ ಬೆಳಿಗ್ಗೆ ಅವನು ಮತ್ತೆ ಆ ಕೋಣೆಗೆ ಹೋದ. ಬಾಗಿಲ ಬಳಿಯ ಮೇಜಿನಲ್ಲಿ ನಾನು ಚೀಟಿ ಬರೆಯುತ್ತ ಕೂತೆ. ಅದರ ಮರುದಿನವೂ. ನಾರಳಿ ಪೂರ್ಣಿಮೆಯ ದಿನ ಊರೆಲ್ಲ ಕಡಲಿಗೆ ತೆಂಗಿನಕಾಯಿ ಅರ್ಪಿಸಲು ಹೋದಾಗಲೂ ಅವನು ಒಳಗೇ ಇದ್ದ, ಗಣಪತಿಯ ಮೋದಕಕ್ಕೆ ಕೊಬ್ಬರಿ ಸಾಲುತ್ತಿರಲಿಲ್ಲ. ಬೆಲ್ಲ ಹಂಚುವಾಗ ನಾನು ಅವನಿಗೆ ದೊಡ್ಡ ತುಂಡು ಕೊಡಲು ಶುರುಮಾಡಿದೆ. ಅವನು ಅದನ್ನು ಪ್ರೀತಿ ಎಂದೇ ತಿಳಿದ. ಬಿಸಿನೀರು ಕುಡಿದ, ಎಲೆಯಡಿಕೆ ಮುಟ್ಟಲಿಲ್ಲ. ನಾನು ಹೇಳಿದ ಸುಳ್ಳನ್ನು ಅವನು ವ್ರತದ ಹಾಗೆ ಪಾಲಿಸಿದ.

ಮೊದಲು ನಿಂತದ್ದು ಸಿಳ್ಳೆ. ಆಮೇಲೆ ಎರಡು ಬಾಲ್ದಿ ಒಂದಾಯಿತು. ಭಾದ್ರಪದ ಬರುವಾಗ ಅವನು ಬರಿಗೈಯಲ್ಲಿ ಹತ್ತುವಾಗಲೂ ಪ್ರತಿ ಮಾಳಿಗೆಯಲ್ಲಿ ನಿಂತು ಯಾರದೋ ಬಾಗಿಲಿನ ತೋರಣ ನೋಡುವವನ ಹಾಗೆ ನಟಿಸುತ್ತಿದ್ದ. ರವಿವಾರ ಜ್ವರವಿಲ್ಲದಿದ್ದರೂ ಈಗ ಉಸಿರು ಹಿಂದೆ ಬರುತ್ತಿರಲಿಲ್ಲ. ಒಂದು ದಿನ ಮೂರನೆಯ ಮಾಳಿಗೆಯ ಮೆಟ್ಟಿಲಿನಲ್ಲಿ ಕೂತುಬಿಟ್ಟ. ತುಟಿ ನೇರಳೆಯಾಗಿತ್ತು. "ಎಣ್ಸ್ ಕಾಂಬ," ಎಂದ. ಉಸಿರು ಹಿಡಿದು ತೋರಿಸುವ ಹಳೆಯ ಆಟ. ನಾನು ಎಣಿಸಲು ಶುರುಮಾಡಿದೆ. ಒಂಬತ್ತಕ್ಕೆ ಕೆಮ್ಮು ಒಡೆಯಿತು. "ಬೊಂಬಾಯಿ ಗಾಳಿಯೇ ಸಮ ಇಲ್ಲೆ," ಎಂದು ನಕ್ಕ. ನಾನೂ ಹೌದು ಎಂದೆ.

ಗಣಪತಿ ಮುಳುಗಿ ಕಡಲು ತೆರೆಯಿತು, ಸ್ಟೀಮರು ಶುರುವಾದವು. ಹಬ್ಬದ ಕೊಬ್ಬರಿ ಮುಗಿದಿತ್ತು. ಧಣಿಗಳು ಮಾತಿಗೆ ತಪ್ಪಲಿಲ್ಲ, ಅವನನ್ನು ಊರಿಗೆ ಕಳಿಸಿದರು. ತಾವೇ ಹಡಗಿನ ಧಕ್ಕೆಗೆ ಬಂದು, ಅವನ ಹೆಂಡತಿಗೆಂದು ಒಂದು ಚೀಲ ಉಡುಗೊರೆ ಕೊಟ್ಟರು. ಅದರಲ್ಲಿ ಒಂದು ಅಚ್ಚು ಬೆಲ್ಲ, ಅವನೇ ತಿಕ್ಕಿದ ಕೊಬ್ಬರಿ. ಬಚ್ಚಣ್ಣ ಅವರ ಕಾಲು ಮುಟ್ಟಿದ. ಸ್ಟೀಮರಿನ ಹಲಗೆ ಹತ್ತುವಾಗ ನಾನು ಅವನ ಕಂಕುಳಿಗೆ ಕೈ ಕೊಟ್ಟೆ. ಮೈಯಲ್ಲಿ ತೂಕವೇ ಇರಲಿಲ್ಲ. "ಬಾಂದ್ರಾದಂಗೆ ಗಲ್ಲೆಯಲ್ಲಿ ಕೂಕಂಡ್ರೆ ನಂಗೊಂದ್ ಫೋಟೋ ಕಳ್ಸ್," ಎಂದ. ಆ ಸುದ್ದಿ ಅವನಿಗೆ ನಾನೇ ಹೇಳಿದ್ದೆ. ನನಗಿಂತ ಅವನಿಗೇ ಹೆಚ್ಚು ಖುಷಿಯಾಗಿತ್ತು.

ದೀಪಾವಳಿಗೆ ಬಾಂದ್ರಾದ ಹೋಟೆಲು ತೆರೆಯಿತು. ಗಲ್ಲೆಯಲ್ಲಿ ಧಣಿಗಳ ಅಳಿಯ, ಅಕ್ಕನ ಮಗ, ಕೂತ. ನಮ್ಮ ಕಡೆಯಲ್ಲಿ ಅಳಿಯನನ್ನು ಬಿಟ್ಟು ಹೊರಗಿನವನು ಕೂರುವುದುಂಟೇ ಎಂದು ನನಗೆ ಮೊದಲೇ ಹೊಳೆಯಬೇಕಾಗಿತ್ತು. ಧಣಿಗಳು ನನ್ನನ್ನು ಕರೆದು, "ಬಚ್ಚನ ಜಾಗ ಖಾಲಿ ಉಂಟು. ನಂಬಿಕೆಯ ಜನ ಒಳಗೆ ಬೇಕು," ಎಂದರು. ಅದೇ ಮಾತು, ನಂಬಿಕೆಯ ಜನ. ಹೊಸ ಕೊಬ್ಬರಿ ಬರುವವರೆಗೆ ಮೂಲೆಗಳಲ್ಲಿ ಉಳಿದ ಕೆಟ್ಟ ಚೀಲಗಳನ್ನು ತಿಕ್ಕಿಸಬೇಕಾಗಿತ್ತು.

ನಾನು ಆ ಕೋಣೆಯಲ್ಲಿ ಆರು ದಿನ ಕೂತೆ. ನಾಲ್ಕನೆಯ ದಿನ ಟ್ರಾಮಿನಲ್ಲಿ ನನಗೆ ಚಳಿಯೂ ಕೆಮ್ಮೂ ಬಂತು. ಗೋಣಿ ಹೊದ್ದು ಮಲಗಿದವನಿಗೆ ಡಾಕ್ಟರ ಚೀಟಿಯ ಒಂದೊಂದು ಸಾಲೂ ಕಣ್ಣ ಮುಂದೆ ಬಂತು. ಏಳನೆಯ ದಿನ ಕೆಲಸ ಬಿಟ್ಟೆ. ಬಿಡುವಾಗ ಧಣಿಗಳ ಮೇಲೆ ಕೂಗಾಡಿದೆ, ಮೋಸಗಾರರು ಎಂದೆ. ಅವರು ಕನ್ನಡಕ ಒರೆಸುತ್ತ, "ನಿನಗೂ ಶುರುವಾಯ್ತಾ? ಕೆಲವರಿಗೆ ಆ ಕೋಣೆ ಆಗಿಬರುದಿಲ್ಲ. ಬಚ್ಚನಿಗಿಂತ ಮೊದಲು ಇದ್ದವನಿಗೂ ಹೀಗೇ," ಎಂದರು. ಅವರಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೇ ನನ್ನ ಕೈಯಲ್ಲಿ ಬೆಲ್ಲ ಹಂಚಿಸಿದ್ದರು, ಗೊತ್ತಿದ್ದೇ ನನ್ನನ್ನು ಒಳಗೆ ಕೂರಿಸಿದ್ದರು.

ಇಲ್ಲಿಯವರೆಗಿನ ಮೋಸವನ್ನು ನಾನು ಜನರಿಗೆ ಹೇಳುತ್ತ ಬಂದದ್ದು. ಹೇಳದೆ ಉಳಿಸಿಕೊಂಡದ್ದು ಇಷ್ಟು: ಬಚ್ಚಣ್ಣನಿಗಾಗಿ ಬರೆದ ಆ ಚೀಟಿಯಿಂದ ಬದುಕಿಕೊಂಡವನು ನಾನು. ಒಂದು ತಿಂಗಳಲ್ಲಿ ನನ್ನ ಕೆಮ್ಮು ಹೋಯಿತು. ಒಂದು ಕಾಗದದ ಅಂಗಡಿಯಲ್ಲಿ ಗುಮಾಸ್ತನಾದೆ. ಡಾಕ್ಟರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಊರಿಗೆ ಹೋಗಲು ಎರಡು ವರ್ಷ ಬೇಕಾಯಿತು. ರಜೆ ಸಿಗಲಿಲ್ಲ ಎಂದು ಆಗ ಹೇಳಿಕೊಂಡೆ. ಬಚ್ಚಣ್ಣ ನಾನು ಹೋಗುವ ಒಂದು ತಿಂಗಳ ಹಿಂದೆ ತೀರಿಕೊಂಡಿದ್ದ. ಹೊಳೆಯ ಬದಿಯಲ್ಲೇ ಮನೆ. ಕೊನೆಯ ವರ್ಷ ಆ ಹೊಳೆಯವರೆಗೆ ನಡೆಯಲೂ ಅವನಿಂದ ಆಗಿರಲಿಲ್ಲವಂತೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದನಂತೆ.

ಅವನ ಹೆಂಡತಿ ಗುಲಾಬಿ ಅತ್ತಿಗೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದಿಟ್ಟರು. ನಮ್ಮ ಕಡೆ ಬಿಸಿಲಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ತಿನ್ನದಿದ್ದರೆ ಅವಮಾನ. ನಾನು ಬಾಯಿಗೆ ಹಾಕಿಕೊಂಡೆ. ನನ್ನ ಚೀಲದಲ್ಲಿ ಅವನ ಎಲೆಡಬ್ಬಿ ಇತ್ತು. ತೆಗೆದು ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಒಂದು ಕಾಗದ ತಂದರು. ಮಡಿಕೆಗಳಲ್ಲಿ ಹರಿದಿತ್ತು.

"ಪೋಸ್ಟ್ ಮಾಸ್ಟ್ರು ಓದಿ ಹೇಳಿದ್ರ್ ತಮ್ಮ. ಇವ್ರ್ ಊರಿಗೆ ಬಂದ ಹೊಸ್ತ್ರಂಗೇ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿ ಇವ್ರ್ ಕಾಗ್ದ ಮಡ್ಚಿ ದೇವ್ರ ಪಟದ ಹಿಂದೆ ಇಟ್ರ್. ಆಮೇಲೆ ನಂಗ್ ಹೇಳಿದ್ರ್, 'ಅವ್ನ ತಪ್ಪಲ್ಲ. ಅವ್ನದ್ದ್ ಶಾಲೆ ಇಂಗ್ಲಿಷ್, ಡಾಕ್ಟ್ರ ಇಂಗ್ಲಿಷ್ ಅವ್ನಿಗೆ ತಿಳಿಲಿಲ್ಲೆ. ಬಂದ್ರೆ ಈ ವಿಷಯ ಎತ್ಬೇಡ, ಪಾಪ, ಬೇಜಾರ್ ಮಾಡ್ಕಂತ' ಅಂದ್ರ್. ನಂಗ್ ತಡಿಲಿಕ್ಕಾಯ್ಲಿಲ್ಲೆ, ಹೇಳ್ದೆ."

ಅವರು ಕಾಗದವನ್ನು ನನ್ನ ಮುಂದೆ ಹಾಸಿದರು. ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದಾ ತಮ್ಮ? ಅಷ್ಟ್ ಕಷ್ಟ ಇತ್ತಾ ಅದ್?"

ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ.

"ಹೌದು ಅತ್ತಿಗೆ," ಎಂದೆ. "ತುಂಬ ಕಷ್ಟದ ಇಂಗ್ಲಿಷು."

ಅವರು ತಲೆಯಾಡಿಸಿದರು. ಅವರ ಮುಖ ಹಗುರಾಯಿತು, ಅಥವಾ ಹಾಗೆ ನಾನು ಅಂದುಕೊಂಡೆ. ನನಗೆ ಇನ್ನಷ್ಟು ನೀರು ತರಲು ಒಳಗೆ ಹೋದರು.

ಕಷ್ಟದ್ದಾಗಿರಲಿಲ್ಲ. ಆ ಡಾಕ್ಟರು ಬೇಕೆಂದೇ ಸುಲಭವಾಗಿ ಬರೆದಿದ್ದರು. ಅವರ ಮುಂದೆ ಅದನ್ನು ಗಟ್ಟಿಯಾಗಿ ಓದುವಾಗ ನಾನು ಒಂದು ಪದಕ್ಕೂ ತಡವರಿಸಿರಲಿಲ್ಲ.